ಗಸಗಸೆ ಕಾಳಿನಿಂದ ಗೂಢಲಿಪಿಯವರೆಗೆ

ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಇಟಲಿಯ ಕ್ರಾಂತಿಕಾರಿ ಜೋಸೆಫ್ ಮ್ಯಾಜಿನಿಗೆ 1844ರಲ್ಲಿ ಒಂದು ಗುಮಾನಿ ಹುಟ್ಟಿತು. ಟಪಾಲಿನಲ್ಲಿ ಬರುವ ತನ್ನ ಪತ್ರಗಳನ್ನು ತನಗಿಂತ ಮೊದಲು ಬೇರೆ ಯಾರೋ ಓದುತ್ತಿದ್ದಾರೆ ಎಂಬ ಗುಮಾನಿ ಅದು. ಮೇಲುನೋಟಕ್ಕೆ ಲಕೋಟೆಗಳ ಅರಗಿನ ಮುದ್ರೆ ಸರಿಯಾಗಿಯೇ ಇತ್ತು. ಖಚಿತಪಡಿಸಿಕೊಳ್ಳಲು ಆತ ಒಂದು ಉಪಾಯ ಹೂಡಿದ. ಗೆಳೆಯರಿಂದ ತನ್ನ ವಿಳಾಸಕ್ಕೇ ಪತ್ರ ಹಾಕಿಸಿ, ಅವುಗಳ ಮಡಿಕೆಯೊಳಗೆ ಗಸಗಸೆ ಕಾಳು, ತಲೆಗೂದಲಿನ ಎಳೆ, ಮರಳಿನ ಕಣಗಳನ್ನು ಇಡಿಸಿದ. ಪತ್ರಗಳು ಬಂದವು. ಒಳಗಿದ್ದ ಗಸಗಸೆ ಬರಲಿಲ್ಲ.

ಆ ವರ್ಷದ ಜೂನ್ ತಿಂಗಳಲ್ಲಿ ಸಂಸತ್ ಸದಸ್ಯ ಥಾಮಸ್ ಡನ್‌ಕೂಂಬ್ ಈ ದೂರನ್ನು ಬ್ರಿಟನ್ನಿನ ಕಾಮನ್ಸ್ ಸಭೆಯ ಮುಂದಿಟ್ಟಾಗ ದೊಡ್ಡ ಗದ್ದಲವೇ ಎದ್ದಿತು. ಗೃಹ ಸಚಿವ ಸರ್ ಜೇಮ್ಸ್ ಗ್ರಹಾಂ ಸಹಿ ಮಾಡಿದ ವಾರಂಟಿನ ಮೇಲೆ ಅಂಚೆ ಇಲಾಖೆಯೇ ಪತ್ರಗಳನ್ನು ಒಡೆಯುತ್ತಿತ್ತು. ಅದಕ್ಕೆಂದೇ ಇಲಾಖೆಯಲ್ಲಿ ಒಂದು 'ರಹಸ್ಯ ವಿಭಾಗ' ಇತ್ತು. ಮ್ಯಾಜಿನಿಯ ಪತ್ರಗಳಿಂದ ಸಿಕ್ಕ ಸುಳಿವು ಪರದೇಶದ ಸರ್ಕಾರಗಳಿಗೂ ಮುಟ್ಟಿತೆಂದೂ, ಆ ಜುಲೈನಲ್ಲಿ ಇಟಲಿಯ ಬಂಡಿಯೆರಾ ಸಹೋದರರು ಮರಣದಂಡನೆಗೆ ಗುರಿಯಾದದ್ದಕ್ಕೆ ಇದೇ ಕಾರಣವೆಂದೂ ಆರೋಪ ಕೇಳಿಬಂತು. ಸರ್ಕಾರ ಅದನ್ನು ಒಪ್ಪಲಿಲ್ಲ. 'ಪಂಚ್' ಎಂಬ ವಿನೋದ ಪತ್ರಿಕೆ ಗ್ರಹಾಂ ಅವರನ್ನು ಗೇಲಿ ಮಾಡುವ ಲಕೋಟೆಯನ್ನೇ ಅಚ್ಚು ಹಾಕಿತು. ಕೊನೆಗೆ ರಹಸ್ಯ ವಿಭಾಗವನ್ನು ಮುಚ್ಚಲಾಯಿತು. ಆದರೆ ವಾರಂಟ್ ಹೊರಡಿಸುವ ಅಧಿಕಾರ ಸಚಿವರ ಕೈಯಲ್ಲಿಯೇ ಉಳಿಯಿತು.

ಈಗ ಲಕೋಟೆಯ ಜಾಗಕ್ಕೆ ಇ-ಮೇಲ್ ಬಂದಿದೆ. ಸುದ್ದಿಮೂಲವನ್ನು ಕಾಪಾಡಬೇಕಾದ ಪತ್ರಕರ್ತರು, ಕಕ್ಷಿದಾರರ ಗುಟ್ಟು ಉಳಿಸಬೇಕಾದ ವಕೀಲರು, ಅಷ್ಟೇಕೆ, ತಮ್ಮ ಮನೆವಾರ್ತೆ ತಮ್ಮಲ್ಲಿಯೇ ಇರಲಿ ಎನ್ನುವ ಸಾಮಾನ್ಯರು ಕೂಡ ಒಂದು ಪ್ರಶ್ನೆ ಕೇಳುತ್ತಾರೆ: ಯಾವ ಇ-ಮೇಲ್ ಸೇವೆಯನ್ನು ಹಿಡಿದರೆ ಸರ್ಕಾರದ ಕಣ್ಣಿನಿಂದ ತಪ್ಪಿಸಿಕೊಳ್ಳಬಹುದು? ಇದಕ್ಕೆ ಕಂಪೆನಿಗಳ ಜಾಹೀರಾತು ಕೊಡುವ ಉತ್ತರಕ್ಕಿಂತ ಇತಿಹಾಸ ಕೊಡುವ ಉತ್ತರ ಹೆಚ್ಚು ನಂಬಿಕೆಗೆ ಅರ್ಹ. ಪತ್ರ ಸಾಗಿಸುವವನ ಬಳಿ ಏನೇನು ಇರುತ್ತದೆಯೋ ಅದೆಲ್ಲವೂ ಒಂದಲ್ಲ ಒಂದು ದಿನ ಸರ್ಕಾರದ ಕೈ ಸೇರಬಹುದು ಎಂಬುದೇ ಆ ಉತ್ತರ.

ನಮ್ಮ ಕಾನೂನು, ನಮ್ಮ ಕದ್ದಾಲಿಕೆ

ಭಾರತದಲ್ಲಿ ಈ ಅಧಿಕಾರವನ್ನು ಬರಹದಲ್ಲಿ ಇಟ್ಟವರು ಬ್ರಿಟಿಷರು. 1885ರ ಟೆಲಿಗ್ರಾಫ್ ಕಾಯ್ದೆಯ 5ನೇ ವಿಧಿ ತಂತಿ ಸಂದೇಶಗಳನ್ನು ತಡೆದು ನೋಡಲು ಅವಕಾಶ ಕೊಟ್ಟಿತು. 1898ರ ಅಂಚೆ ಕಚೇರಿ ಕಾಯ್ದೆಯ 26ನೇ ವಿಧಿ ತುರ್ತು ಸಂದರ್ಭ, ಸಾರ್ವಜನಿಕ ಸುರಕ್ಷತೆ, ಶಾಂತಿ ಪಾಲನೆಯ ಹೆಸರಿನಲ್ಲಿ ಟಪಾಲನ್ನು ತಡೆಹಿಡಿಯಲು ಅಪ್ಪಣೆ ನೀಡಿತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗಕ್ಕೆ ಹೋದ ಭಾರತೀಯ ಸಿಪಾಯಿಗಳು ಊರಿಗೆ ಬರೆದ ಕಾಗದಗಳನ್ನು ಸೇನೆಯ ಪರಿಶೀಲಕರು ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ವರದಿ ಕಳಿಸುತ್ತಿದ್ದರು. ಆ ಸಿಪಾಯಿಗಳ ಮನದಳಲು ಇಂದಿನ ಇತಿಹಾಸಕಾರರಿಗೆ ಲಭ್ಯವಾಗಿರುವುದು ಬಹುಮಟ್ಟಿಗೆ ಈ ವರದಿಗಳಿಂದಲೇ ಎಂಬುದು ವಿಪರ್ಯಾಸ.

ಸ್ವಾತಂತ್ರ್ಯ ಬಂದ ಮೇಲೂ ಈ ಎರಡು ಕಾಯ್ದೆಗಳು ಉಳಿದವು. 1986ರಲ್ಲಿ ರಾಜೀವ್ ಗಾಂಧಿ ಸರ್ಕಾರ ಅಂಚೆ ಕಾಯ್ದೆಗೆ ತಿದ್ದುಪಡಿ ತಂದು ಪತ್ರ ಒಡೆಯುವ ಅಧಿಕಾರವನ್ನು ಇನ್ನಷ್ಟು ಹಿಗ್ಗಿಸಲು ಹೊರಟಿತು. ಸಂಸತ್ತಿನ ಎರಡೂ ಸದನಗಳು ಮಸೂದೆಯನ್ನು ಅಂಗೀಕರಿಸಿದವು. ಆದರೆ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಸಹಿಯನ್ನೂ ಹಾಕಲಿಲ್ಲ, ಮಸೂದೆಯನ್ನು ಹಿಂದಕ್ಕೂ ಕಳಿಸಲಿಲ್ಲ. ಸುಮ್ಮನೆ ಇಟ್ಟುಕೊಂಡರು. ಅವರ ನಂತರ ಬಂದ ಆರ್. ವೆಂಕಟರಾಮನ್ ಅದನ್ನು 1990ರಲ್ಲಿ ಸಂಸತ್ತಿಗೆ ಮರಳಿಸಿದರು. 2002ರಲ್ಲಿ ಮಸೂದೆಯನ್ನು ಹಿಂತೆಗೆದುಕೊಳ್ಳಲಾಯಿತು.

ಕರ್ನಾಟಕದ ಹಿರಿಯ ಓದುಗರಿಗೆ ಇದೇ ಕಾಲದ ಇನ್ನೊಂದು ಪ್ರಸಂಗ ನೆನಪಿರುತ್ತದೆ. ರಾಜಕಾರಣಿಗಳ, ಪತ್ರಕರ್ತರ ದೂರವಾಣಿಗಳನ್ನು ರಾಜ್ಯದಲ್ಲಿ ಕದ್ದಾಲಿಸಲಾಗಿದೆ ಎಂಬ ಆರೋಪದ ಬಿರುಗಾಳಿಯಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ 1988ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಎಸ್.ಆರ್. ಬೊಮ್ಮಾಯಿ ಅವರ ಸ್ಥಾನಕ್ಕೆ ಬಂದರು. 'ಕದ್ದಾಲಿಕೆ' ಎಂಬ ಮಾತು ಕನ್ನಡದ ಮನೆಮನೆಯ ಮಾತಾದದ್ದು ಆಗ.

ದೂರವಾಣಿ ಕದ್ದಾಲಿಕೆಗೆ ಕಡಿವಾಣ ಬಿದ್ದದ್ದು 1996ರ ಡಿಸೆಂಬರ್ 18ರಂದು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ದೂರವಾಣಿ ಸಂಭಾಷಣೆ ಖಾಸಗಿತನದ ಭಾಗವೆಂದು ಹೇಳಿತು. ಗೃಹ ಕಾರ್ಯದರ್ಶಿಯ ಆದೇಶವಿಲ್ಲದೆ ಕದ್ದಾಲಿಸುವಂತಿಲ್ಲ, ಆದೇಶದ ಅವಧಿ 2 ತಿಂಗಳು, ವಿಸ್ತರಿಸಿದರೂ ಒಟ್ಟು 6 ತಿಂಗಳು ಮೀರುವಂತಿಲ್ಲ, ಪ್ರತಿಯೊಂದು ಆದೇಶವನ್ನೂ ಪರಿಶೀಲನಾ ಸಮಿತಿ ನೋಡಬೇಕು ಎಂದು ವಿಧಿಸಿತು. ಆದರೆ ಆದೇಶ ಕೊಡುವವರೂ ಅಧಿಕಾರಿಗಳೇ, ಪರಿಶೀಲಿಸುವವರೂ ಅಧಿಕಾರಿಗಳೇ. ನ್ಯಾಯಾಧೀಶರ ಮುಂಚಿತ ಅನುಮತಿ ಬೇಕೆಂದು ಕೋರ್ಟ್ ಹೇಳಲಿಲ್ಲ.

1898ರ ಕಾಯ್ದೆಯ ಜಾಗಕ್ಕೆ 2023ರ ಅಂಚೆ ಕಚೇರಿ ಕಾಯ್ದೆ ಬಂದು, 2024ರ ಜೂನ್ 18ರಿಂದ ಜಾರಿಯಾಯಿತು. ಟಪಾಲನ್ನು ತಡೆದು ಒಡೆಯುವ ಅಧಿಕಾರ ಅದರ 9ನೇ ವಿಧಿಯಲ್ಲಿ ಮುಂದುವರಿದಿದೆ. ಇ-ಮೇಲಿಗೆ ಅನ್ವಯವಾಗುವುದು ಮುಖ್ಯವಾಗಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ವಿಧಿ. ಗೂಢಲಿಪಿಯನ್ನು ಬಿಡಿಸಿಕೊಡಲು ನೆರವಾಗದಿದ್ದರೆ 7 ವರ್ಷಗಳವರೆಗೆ ಸೆರೆವಾಸಕ್ಕೂ ಅದರಲ್ಲಿ ಅವಕಾಶವಿದೆ. ಈ ಕೆಲಸಕ್ಕೆ 10 ಸಂಸ್ಥೆಗಳಿಗೆ ಅಧಿಕಾರ ಕೊಟ್ಟು ಕೇಂದ್ರ ಗೃಹ ಸಚಿವಾಲಯ 2018ರ ಡಿಸೆಂಬರ್ 20ರಂದು ಆದೇಶ ಹೊರಡಿಸಿತು.

ಲಕೋಟೆಯಲ್ಲ, ಕಾರ್ಡು

ಭಾರತದ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ಅದರ ಮರುವರ್ಷವೇ ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ತಮ್ಮ ಗೆಳೆಯ ಜಾಕ್ ಸ್ಮಿತ್ ಜೊತೆಗೂಡಿ ಅಮೆರಿಕದಲ್ಲಿ ಹಾಟ್‌ಮೇಲ್ ಆರಂಭಿಸಿದರು. ಇದರ ಹುಟ್ಟಿನ ಕಥೆ ಸ್ವಾರಸ್ಯವಾದದ್ದು. ಇಬ್ಬರೂ ಒಂದೇ ಕಂಪೆನಿಯ ನೌಕರರು. ಸ್ವಂತ ಉದ್ಯಮದ ಯೋಜನೆಯನ್ನು ಕಚೇರಿಯ ಇ-ಮೇಲಿನಲ್ಲಿ ಚರ್ಚಿಸಿದರೆ ಮಾಲೀಕರ ಕಣ್ಣಿಗೆ ಬೀಳುವ ಭಯ. ಆ ತೊಡಕಿನಿಂದಲೇ, ಯಾವ ಕಂಪ್ಯೂಟರಿನಲ್ಲಿ ಕುಳಿತರೂ ತೆರೆಯಬಹುದಾದ ಅಂಚೆಪೆಟ್ಟಿಗೆಯ ಆಲೋಚನೆ ಹೊಳೆಯಿತು. 1997ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು.

ಮಾಲೀಕನ ಕಣ್ಣಿನಿಂದ ತಪ್ಪಿಸಿಕೊಂಡದ್ದೇನೋ ಸರಿ. ಆದರೆ ಪತ್ರಗಳು ಈಗ ಬೇರೊಬ್ಬ ಮಾಲೀಕನ ಕಂಪ್ಯೂಟರಿನಲ್ಲಿ ಉಳಿದವು. ಹಳೆಯ ಟಪಾಲು ಬಟವಾಡೆಯಾದ ಮೇಲೆ ಅಂಚೆಯವರ ಬಳಿ ಏನೂ ಉಳಿಯುತ್ತಿರಲಿಲ್ಲ. ಇ-ಮೇಲ್ ಹಾಗಲ್ಲ. ಅದನ್ನು ಲಕೋಟೆಗಿಂತ ಅಂಚೆ ಕಾರ್ಡಿಗೆ ಹೋಲಿಸುವುದು ಮೇಲು. ಅದೂ ಕಳಿಸಿದವನ ಮತ್ತು ಪಡೆದವನ ಅಂಚೆಮನೆಗಳಲ್ಲಿ ಒಂದೊಂದು ನಕಲು ಉಳಿಯುವ ಕಾರ್ಡು. ಗಸಗಸೆಯಿಟ್ಟು ಪತ್ತೆ ಹಚ್ಚುವುದಕ್ಕೂ ದಾರಿಯಿಲ್ಲ. ನಕಲು ಓದಿದರೆ ಅಸಲು ಅಲುಗುವುದಿಲ್ಲ.

ಇದರ ಬೆಲೆ ಏನೆಂಬುದನ್ನು ಚೀನಾದ ಪತ್ರಕರ್ತ ಷಿ ತಾವೊ ಅವರ ಪ್ರಕರಣ ತೋರಿಸಿತು. ತಿಯಾನನ್ಮೆನ್ ಘಟನೆಯ 15ನೇ ವರ್ಷದ ಸಂದರ್ಭದಲ್ಲಿ ಪತ್ರಿಕೆಗಳು ಎಚ್ಚರದಿಂದಿರಬೇಕೆಂದು ಸರ್ಕಾರ ಕಳಿಸಿದ್ದ ಸೂಚನೆಯ ಸಾರಾಂಶವನ್ನು ಅವರು 2004ರ ಏಪ್ರಿಲ್ 20ರ ರಾತ್ರಿ ತಮ್ಮ ಯಾಹೂ ಖಾತೆಯಿಂದ ಹೊರದೇಶಕ್ಕೆ ಕಳಿಸಿದರು. ಆ ಖಾತೆ ಯಾವ ಹೊತ್ತಿನಲ್ಲಿ, ಯಾವ ಸಂಪರ್ಕದಿಂದ ತೆರೆಯಲ್ಪಟ್ಟಿತು ಎಂಬ ದಾಖಲೆ ಕಂಪೆನಿಯ ಬಳಿ ಇತ್ತು. ಅದನ್ನು ಚೀನಾದ ಅಧಿಕಾರಿಗಳಿಗೆ ಕೊಡಲಾಯಿತು. ದಾಖಲೆ ನೇರವಾಗಿ ಅವರ ಪತ್ರಿಕಾ ಕಚೇರಿಯ ಬಾಗಿಲಿಗೆ ಕರೆದೊಯ್ದಿತು. 2005ರಲ್ಲಿ ಅವರಿಗೆ 10 ವರ್ಷ ಸೆರೆವಾಸದ ಶಿಕ್ಷೆಯಾಯಿತು. 2007ರ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ ಸಮಿತಿಯ ವಿಚಾರಣೆಗೆ ಬಂದ ಯಾಹೂ ಮುಖ್ಯಸ್ಥ ಜೆರ್ರಿ ಯಾಂಗ್, ಅಲ್ಲಿ ಕುಳಿತಿದ್ದ ಷಿ ತಾವೊ ತಾಯಿಗೆ ತಲೆಬಾಗಿ ಕ್ಷಮೆ ಕೇಳಿದರು. ಮಗ ಬಿಡುಗಡೆಯಾದದ್ದು 2013ರಲ್ಲಿ.

ಚೀನಾದಲ್ಲಿ ಹಾಗೆ, ಪ್ರಜಾಪ್ರಭುತ್ವದ ದೇಶಗಳಲ್ಲಿ ಹಾಗಾಗದು ಎಂಬ ನಂಬಿಕೆಯೂ ಬಹಳ ದಿನ ಉಳಿಯಲಿಲ್ಲ. ಎಡ್ವರ್ಡ್ ಸ್ನೋಡೆನ್ ಹೊರಗೆಡವಿದ ದಾಖಲೆಗಳು 2013ರ ಜೂನ್‌ನಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾದವು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ 'ಪ್ರಿಸಂ' ಯೋಜನೆಯ ಪಟ್ಟಿಯಲ್ಲಿ ಮೊದಲ ಹೆಸರು ಮೈಕ್ರೋಸಾಫ್ಟ್, 2007ರ ಸೆಪ್ಟೆಂಬರ್‌ನಿಂದ. ಯಾಹೂ 2008ರಲ್ಲಿ, ಗೂಗಲ್ 2009ರಲ್ಲಿ ಸೇರಿದ್ದವು. ಸರ್ಕಾರಕ್ಕೆ ತಮ್ಮ ಕಂಪ್ಯೂಟರುಗಳಲ್ಲಿ ನೇರ ಪ್ರವೇಶ ಕೊಟ್ಟಿಲ್ಲ, ಕಾನೂನಿನಂತೆ ಕೇಳಿದ್ದನ್ನಷ್ಟೇ ಕೊಟ್ಟಿದ್ದೇವೆ ಎಂದು ಕಂಪೆನಿಗಳು ಹೇಳಿದವು. ಯಾಹೂ ಮೊದಲಿಗೆ ರಹಸ್ಯ ನ್ಯಾಯಾಲಯದಲ್ಲಿ ವಿರೋಧಿಸಿ ಸೋತಿತ್ತು ಎಂಬುದೂ ನಂತರ ಬಯಲಾಯಿತು. ಒಪ್ಪದಿದ್ದರೆ ದಿನಕ್ಕೆ 2.5 ಲಕ್ಷ ಡಾಲರ್ ದಂಡ ವಿಧಿಸುವ ಬೆದರಿಕೆ ಅದರ ಮೇಲಿತ್ತು.

ಕೀಲಿಕೈ ನಮ್ಮಲ್ಲೇ ಇದ್ದರೆ?

ಅಂಚೆಯವನನ್ನು ನಂಬುವ ಅಗತ್ಯವೇ ಇಲ್ಲದಂತೆ ಪತ್ರ ಕಳಿಸುವ ದಾರಿ ಇದೆಯೇ? ಗಣಿತಜ್ಞರು ಇದಕ್ಕೆ 1970ರ ದಶಕದಲ್ಲಿಯೇ ಉತ್ತರ ಕಂಡುಕೊಂಡಿದ್ದರು. ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿ ಪ್ರಕಟಿಸಿದ ಚಿಂತನೆಯನ್ನು ಸರಳವಾಗಿ ಹೀಗೆ ವಿವರಿಸಬಹುದು. ಒಬ್ಬಾತ ತನ್ನ ಹೆಸರಿನ ನೂರಾರು ಬೀಗಗಳನ್ನು ಊರಿಗೆಲ್ಲ ಹಂಚುತ್ತಾನೆ. ಅವುಗಳ ಕೀಲಿಕೈ ಒಂದೇ, ಅದು ಅವನ ಸೊಂಟದಲ್ಲಿ. ಅವನಿಗೆ ಪತ್ರ ಕಳಿಸುವವರು ಪೆಟ್ಟಿಗೆಯಲ್ಲಿ ಪತ್ರವಿಟ್ಟು ಆ ಬೀಗ ಒತ್ತಿದರಾಯಿತು. ಒತ್ತಿದ ಮೇಲೆ ಕಳಿಸಿದವನಿಂದಲೂ ತೆಗೆಯಲಾಗದು. ಅಂಚೆಯವನು ಹೊತ್ತು ತರುವುದು ಬೀಗ ಹಾಕಿದ ಪೆಟ್ಟಿಗೆಯನ್ನು ಮಾತ್ರ.

ಈ ಗಣಿತವನ್ನು ಸಾಮಾನ್ಯರ ಇ-ಮೇಲಿಗೆ ಅಳವಡಿಸಿ 1991ರಲ್ಲಿ ಹಂಚಿದವರು ಅಮೆರಿಕದ ಫಿಲಿಪ್ ಝಿಮ್ಮರ್‌ಮನ್. ಅವರ ತಂತ್ರಾಂಶದ ಹೆಸರು ಪಿಜಿಪಿ. ಆಗ ಪ್ರಬಲ ಗೂಢಲಿಪಿಯನ್ನು ಅಮೆರಿಕದ ಕಾನೂನು ಮದ್ದುಗುಂಡುಗಳ ಸಾಲಿನಲ್ಲಿ ಇಟ್ಟಿತ್ತು. ತಂತ್ರಾಂಶ ದೇಶದ ಗಡಿ ದಾಟಿದ್ದಕ್ಕಾಗಿ ಝಿಮ್ಮರ್‌ಮನ್ ಮೇಲೆ ತನಿಖೆ ನಡೆಯಿತು. ಅವರ ಬೆಂಬಲಿಗರು ಜಾಣತನ ಮಾಡಿದರು. 1995ರಲ್ಲಿ ಇಡೀ ತಂತ್ರಾಂಶದ ಬರಹವನ್ನು ಎಂ.ಐ.ಟಿ. ಪ್ರೆಸ್ ಪುಸ್ತಕವಾಗಿ ಅಚ್ಚು ಹಾಕಿತು. ಮದ್ದುಗುಂಡಿನ ರಫ್ತನ್ನು ತಡೆಯಬಹುದು, ಪುಸ್ತಕದ ರಫ್ತನ್ನು ತಡೆಯುವುದು ಹೇಗೆ? 1996ರ ಜನವರಿಯಲ್ಲಿ ತನಿಖೆಯನ್ನು ಕೈಬಿಡಲಾಯಿತು.

ಪಿಜಿಪಿ ಬಳಸುವುದು ಸುಲಭವಾಗಿರಲಿಲ್ಲ. ಬೀಗ-ಕೀಲಿಕೈಗಳ ಉಸಾಬರಿ ಸಾಮಾನ್ಯರಿಗೆ ತಲೆನೋವು. 'ಆ ಕೆಲಸವನ್ನು ನಾವು ಮಾಡಿಕೊಡುತ್ತೇವೆ' ಎಂದು ಮುಂದೆ ಬಂದ ಕಂಪೆನಿಗಳೇ ಖಾಸಗಿ ಇ-ಮೇಲ್ ಸೇವೆಗಳು.

ಮೂರು ಕಂಪೆನಿ, ಮೂರು ಪಾಠ

ಮೊದಲನೆಯದು ಕೆನಡಾದ ಹಶ್‌ಮೇಲ್. 1999ರಲ್ಲಿ ಆರಂಭವಾದ ಇದು, ಗ್ರಾಹಕರ ಪತ್ರಗಳು ಗೂಢಲಿಪಿಯಲ್ಲಿ ಇರುತ್ತವೆಂದು ಹೇಳಿಕೊಂಡಿತ್ತು. 2007ರಲ್ಲಿ ಸ್ಟೀರಾಯ್ಡ್ ಔಷಧಗಳ ಪ್ರಕರಣವೊಂದರಲ್ಲಿ ಅಮೆರಿಕದ ತನಿಖಾಧಿಕಾರಿಗಳು ಉಭಯ ದೇಶಗಳ ಒಪ್ಪಂದದ ಮೂಲಕ ಕೆನಡಾದ ಕೋರ್ಟಿನ ಆದೇಶ ಪಡೆದರು. ಓದಬಹುದಾದ ಇ-ಮೇಲ್‌ಗಳಿಂದ ತುಂಬಿದ 12 ಸಿ.ಡಿ.ಗಳನ್ನು ಕಂಪೆನಿ ಒಪ್ಪಿಸಿತು. ಬಳಕೆಯ ಅನುಕೂಲಕ್ಕಾಗಿ ಗ್ರಾಹಕರ ಗುಪ್ತಪದ ಕ್ಷಣಕಾಲವಾದರೂ ಕಂಪೆನಿಯ ಕಂಪ್ಯೂಟರನ್ನು ಹಾದು ಹೋಗುವ ಏರ್ಪಾಡು ಅಲ್ಲಿತ್ತು. ಆ ಕ್ಷಣವೇ ಸಾಕಾಯಿತು.

ಎರಡನೆಯದು ಅಮೆರಿಕದ ಲಾವಾಬಿಟ್. ಟೆಕ್ಸಾಸಿನ ಲಡಾರ್ ಲೆವಿಸನ್ 2004ರಲ್ಲಿ ಕಟ್ಟಿದ ಇದಕ್ಕೆ 4 ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದರು. ಅವರಲ್ಲಿ ಸ್ನೋಡೆನ್ ಒಬ್ಬರು. 2013ರ ಬೇಸಿಗೆಯಲ್ಲಿ ಸರ್ಕಾರ ಇಡೀ ಸೇವೆಯ ಕೀಲಿಕೈಯನ್ನು ಕೇಳಿತು. ಕೊಟ್ಟರೆ ಒಬ್ಬನ ಪತ್ರವಲ್ಲ, ಎಲ್ಲ ಗ್ರಾಹಕರ ಪತ್ರ ವ್ಯವಹಾರವೂ ತೆರೆದುಕೊಳ್ಳುತ್ತಿತ್ತು. ಲೆವಿಸನ್ ಮೊದಲು ಆ ಕೀಲಿಕೈಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ 11 ಪುಟಗಳಲ್ಲಿ ಮುದ್ರಿಸಿ ಕೊಟ್ಟರು. ಕೋರ್ಟ್ ದಿನಕ್ಕೆ 5,000 ಡಾಲರ್ ದಂಡ ಹಾಕಿತು. ಕೊನೆಗೆ ಕೀಲಿಕೈ ಒಪ್ಪಿಸಿ, ಆಗಸ್ಟ್ 8ರಂದು ಅಂಗಡಿಯನ್ನೇ ಮುಚ್ಚಿದರು. ಕಾರಣವನ್ನು ಗ್ರಾಹಕರಿಗೆ ಹೇಳುವುದಕ್ಕೂ ಆಗ ಅವರಿಗೆ ಅನುಮತಿ ಇರಲಿಲ್ಲ. ಮರುದಿನವೇ ಸೈಲೆಂಟ್ ಸರ್ಕಲ್ ಎಂಬ ಇನ್ನೊಂದು ಕಂಪೆನಿ, ತನಗೂ ಈ ಗತಿ ಬರುವ ಮುನ್ನವೇ ಇ-ಮೇಲ್ ಸೇವೆಯನ್ನು ನಿಲ್ಲಿಸಿತು.

ಮೂರನೆಯದು ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್. ಸ್ನೋಡೆನ್ ಪ್ರಕರಣದ ಬಳಿಕ, 2014ರಲ್ಲಿ, ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದ ಯುವ ವಿಜ್ಞಾನಿಗಳು ಇದನ್ನು ಆರಂಭಿಸಿದರು. ಇಲ್ಲಿ ಪತ್ರದ ಕೀಲಿಕೈ ಗ್ರಾಹಕನ ಗುಪ್ತಪದದಿಂದ ಭದ್ರವಾಗಿರುತ್ತದೆ; ಉಳಿಸಿಟ್ಟ ಪತ್ರದ ಒಕ್ಕಣೆಯನ್ನು ಕಂಪೆನಿಯೂ ಓದಲಾರದು. ಆದರೂ 2021ರಲ್ಲಿ ಪರಿಸರ ಹೋರಾಟಗಾರನೊಬ್ಬನ ಬಗ್ಗೆ ಫ್ರಾನ್ಸಿನ ಪೊಲೀಸರು ಸ್ವಿಸ್ ಅಧಿಕಾರಿಗಳ ಮೂಲಕ ಕೇಳಿದಾಗ, ಆತ ಯಾವ ಇಂಟರ್‌ನೆಟ್ ಸಂಪರ್ಕದಿಂದ ಖಾತೆ ತೆರೆಯುತ್ತಿದ್ದಾನೆ ಎಂಬ ಮಾಹಿತಿಯನ್ನು ಕಂಪೆನಿ ದಾಖಲಿಸಿಕೊಂಡು ಕೊಡಬೇಕಾಯಿತು. ಸ್ವಿಸ್ ಕಾನೂನು ಮೀರುವಂತಿಲ್ಲ ಎಂಬುದು ಅದರ ಸಮಜಾಯಿಷಿ. ಅಂಥ ಮಾಹಿತಿಯನ್ನು ಉಳಿಸುವುದಿಲ್ಲವೆಂದು ಜಾಹೀರುಪಡಿಸಿದ್ದ ಒಕ್ಕಣೆಯನ್ನು ಕಂಪೆನಿ ನಂತರ ಬದಲಿಸಿತು. 2024ರಲ್ಲಿ ಸ್ಪೇನಿನ ಪ್ರಕರಣವೊಂದರಲ್ಲಿ ಕೊಟ್ಟದ್ದು, ಗುಪ್ತಪದ ಮರೆತರೆ ಇರಲಿ ಎಂದು ಗ್ರಾಹಕ ತಾನೇ ಬರೆದುಕೊಟ್ಟಿದ್ದ ಎರಡನೆಯ ಇ-ಮೇಲ್ ವಿಳಾಸವನ್ನು.

ಮೂರೂ ಪ್ರಕರಣಗಳಲ್ಲಿ ಕಂಪೆನಿಗಳು ಕಾನೂನಿಗೆ ಮಣಿದವು. ವ್ಯತ್ಯಾಸವಿದ್ದದ್ದು ಕೊಡಲು ಅವುಗಳ ಬಳಿ ಏನಿತ್ತು ಎಂಬುದರಲ್ಲಿ. ಹಶ್‌ಮೇಲ್ ಬಳಿ ಪತ್ರಗಳೇ ಇದ್ದವು. ಲಾವಾಬಿಟ್ ಬಳಿ ಎಲ್ಲರ ಕೀಲಿಕೈ ಇತ್ತು. ಪ್ರೋಟಾನ್ ಬಳಿ ಒಕ್ಕಣೆ ಇರಲಿಲ್ಲ, ಹೆಜ್ಜೆಗುರುತು ಇತ್ತು. ಷಿ ತಾವೊ ಅವರನ್ನು ಸೆರೆಮನೆಗೆ ಕಳಿಸಿದ್ದರಲ್ಲಿಯೂ ಹೆಜ್ಜೆಗುರುತಿನ ಪಾತ್ರವಿತ್ತು ಎಂಬುದನ್ನು ಮರೆಯಬಾರದು.

ಕರ್ನಾಟಕ ಹೈಕೋರ್ಟಿನ ಮುಂದೆ

ಈ ಚರ್ಚೆಗೆ ಇನ್ನೊಂದು ಮಗ್ಗುಲೂ ಇದೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಇ-ಮೇಲ್ ಮೂಲಕ ಬಾಂಬ್ ಬೆದರಿಕೆ ಬಂತು. ಬೆದರಿಕೆ ಹುಸಿಯೆಂದು ತಿಳಿಯುವವರೆಗೆ ಹೆತ್ತವರು ಪಟ್ಟ ಪಾಡು ಸಣ್ಣದಲ್ಲ. ಅಂಥ ಪತ್ರ ಬರೆದವನನ್ನು ಹುಡುಕುವುದು ಪೊಲೀಸರ ಕರ್ತವ್ಯ. ಅದು ಕೂಡದೆಂದು ಯಾರೂ ಹೇಳಲಾರರು.

ಇಂಥದೇ ಇಕ್ಕಟ್ಟು 2025ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬಂತು. ತನ್ನ ಮಹಿಳಾ ಸಿಬ್ಬಂದಿಯ ಬಗ್ಗೆ ಪ್ರೋಟಾನ್ ಮೇಲ್ ಮೂಲಕ ಅಶ್ಲೀಲ ಪತ್ರಗಳು ಹರಿದಾಡುತ್ತಿವೆ, ಕಳಿಸಿದವರ ಪತ್ತೆಯಾಗುತ್ತಿಲ್ಲ ಎಂದು ಕಂಪೆನಿಯೊಂದು ದೂರಿತ್ತು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಏಪ್ರಿಲ್ 29ರಂದು, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ವಿಧಿಯಡಿ ಆ ಸೇವೆಯನ್ನು ತಡೆಯುವ ಪ್ರಕ್ರಿಯೆ ಆರಂಭಿಸುವಂತೆ ಕೇಂದ್ರಕ್ಕೆ ಆದೇಶಿಸಿದರು. ನೊಂದ ಮಹಿಳೆಯರ ಅಳಲು ನಿಜ. ಅದೇ ಸೇವೆಯನ್ನು ನಂಬಿ ಸುದ್ದಿಮೂಲಗಳನ್ನು ಕಾಪಾಡುತ್ತಿರುವವರ ಆತಂಕವೂ ನಿಜ. ಒಬ್ಬ ಅಪರಾಧಿ ಬಳಸಿದನೆಂದು ಊರಿನ ಅಂಚೆಪೆಟ್ಟಿಗೆಯನ್ನೇ ಕಿತ್ತುಹಾಕಬೇಕೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಈ ತೂಕಕ್ಕೆ ತಕ್ಕಡಿಯನ್ನು ದೇಶಕ್ಕೆ ಒದಗಿಸಿಕೊಟ್ಟವರೂ ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 86ರ ವಯಸ್ಸಿನಲ್ಲಿ, 2012ರಲ್ಲಿ, ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಈ ಹಕ್ಕನ್ನು ಸರ್ಕಾರ ಮೊಟಕುಗೊಳಿಸಬೇಕಾದರೆ ಅದಕ್ಕೆ ಕಾನೂನಿರಬೇಕು, ನ್ಯಾಯಯುತ ಉದ್ದೇಶವಿರಬೇಕು, ಮತ್ತು ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಪುಟ್ಟಸ್ವಾಮಿ 2024ರ ಅಕ್ಟೋಬರ್‌ನಲ್ಲಿ ನಿಧನರಾದರು.

ಆರಿಸುವ ಮುನ್ನ

ಹಾಗಾದರೆ ಖಾಸಗಿ ಇ-ಮೇಲ್ ಸೇವೆಯನ್ನು ಆರಿಸುವವರು ನೋಡಬೇಕಾದದ್ದೇನು? ಪತ್ರದ ಕೀಲಿಕೈ ಯಾರ ಬಳಿ ಇರುತ್ತದೆ ಎಂಬುದು ಮೊದಲು. ಒಕ್ಕಣೆಯ ಹೊರತಾಗಿ ಯಾವ ಯಾವ ದಾಖಲೆ ಉಳಿಯುತ್ತದೆ, ಹಣ ಕಟ್ಟುವಾಗ ಯಾವ ಹೆಸರು ನಮೂದಾಗುತ್ತದೆ ಎಂಬುದು ಎರಡನೆಯದು. ಕಂಪೆನಿ ಯಾವ ದೇಶದ ಕಾನೂನಿಗೆ ಒಳಪಟ್ಟಿದೆ, ಸರ್ಕಾರಗಳಿಂದ ಬಂದ ಕೋರಿಕೆಗಳ ಲೆಕ್ಕವನ್ನು ಪ್ರಕಟಿಸುತ್ತದೆಯೇ ಎಂಬುದು ಮೂರನೆಯದು. ಯಾರಿಂದ ಯಾರಿಗೆ, ಯಾವಾಗ ಎಂಬ ಲಕೋಟೆಯ ಮೇಲಿನ ಬರಹ ಯಾವ ಸೇವೆಯಲ್ಲೂ ಪೂರ್ತಿ ಮರೆಯಾಗುವುದಿಲ್ಲ. ಎಷ್ಟೋ ಸೇವೆಗಳಲ್ಲಿ ವಿಷಯದ ಸಾಲೂ ಗೂಢಲಿಪಿಯ ಹೊರಗೇ ಇರುತ್ತದೆ. ಪತ್ರ ಪಡೆಯುವವರು ಸಾಮಾನ್ಯ ಸೇವೆಯಲ್ಲಿದ್ದರೆ ಅವರ ಪೆಟ್ಟಿಗೆಯಲ್ಲಿ ಅದೇ ಪತ್ರ ಬೀಗವಿಲ್ಲದೆ ಬಿದ್ದಿರುತ್ತದೆ.

ಒಳ್ಳೆಯ ಬೀಗದಿಂದ ಒಂದು ಲಾಭವಂತೂ ಇದೆ. ಲಕ್ಷಾಂತರ ಜನರ ಪತ್ರಗಳನ್ನು ಸದ್ದಿಲ್ಲದೆ ಒಟ್ಟಿಗೆ ಜಾಲಾಡುವುದು ಕಷ್ಟವಾಗುತ್ತದೆ. ಸರ್ಕಾರ ಒಬ್ಬೊಬ್ಬರ ಹೆಸರು ಹೇಳಿ, ಕಾರಣ ಕೊಟ್ಟು, ಆದೇಶ ತರಬೇಕಾಗುತ್ತದೆ. ಆ ಆದೇಶ ಸಕಾರಣವೇ ಎಂದು ತೂಗಿ ನೋಡುವವರು ಯಾರು ಎಂಬುದನ್ನು ಮಾತ್ರ ಯಾವ ಕಂಪೆನಿಯೂ ತೀರ್ಮಾನಿಸಲಾರದು; ಅದು ಶಾಸನಸಭೆ ಮತ್ತು ನ್ಯಾಯಾಲಯಗಳಲ್ಲಿ ಇತ್ಯರ್ಥವಾಗಬೇಕಾದ ಮಾತು. ನಮ್ಮ ದೇಶದಲ್ಲಿ ಪತ್ರ ತೆರೆಯುವ ಆದೇಶಕ್ಕೆ ಇಂದಿಗೂ ನ್ಯಾಯಾಧೀಶರ ಸಹಿ ಬೇಕಿಲ್ಲ.